ಲಂಡನ್ ಮಳೆ-ಗಾಳಿಯಲ್ಲಿ ಊರಿಂದ ಬಂದವರನ್ನು ಸುತ್ತಾಡಿಸುವುದು ಹೇಗೆ?

ಅಪ್ಪ-ಅಮ್ಮ ಜೂನ್ ತಿಂಗಳಲ್ಲಿ ಬರ್ತಾರೆ ಅಂದರೆ ಈ ಮಾರ್ಗದರ್ಶಿ ನಿಮಗೆ ಬೇಕಾಗಿಲ್ಲ. ಹೊರಗೆ ಕರೆದುಕೊಂಡು ಹೋಗಿ, ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ. ಆದರೆ ಎಲ್ಲರಿಗೂ ಆ ಅನುಕೂಲ ಎಲ್ಲಿದೆ? ಬಾಣಂತನ, ಟಿಕೆಟ್ ದರ, ನಮಗೆ ಸಿಗುವ ಕ್ರಿಸ್ಮಸ್ ರಜೆ ಎಲ್ಲ ನೋಡಿಕೊಂಡು ಹೊರಡುವಷ್ಟರಲ್ಲಿ ನವೆಂಬರ್ ಬಂದಿರುತ್ತದೆ. ಇದು ನವೆಂಬರ್‌ನಿಂದ ಫೆಬ್ರವರಿವರೆಗೆ ಲಂಡನ್ನಿಗೆ ಬರುವವರನ್ನು ಮನೆಯಲ್ಲಿಟ್ಟುಕೊಂಡವರಿಗಾಗಿ ಬರೆದದ್ದು.

ಮಳೆ ಅಂದರೆ ನಮ್ಮ ಕಡೆಯವರು ಹೆದರುವುದಿಲ್ಲ. ಮಲೆನಾಡಿನವರಂತೂ ‘ಇದೂ ಒಂದು ಮಳೆಯಾ’ ಅಂತ ನಗುತ್ತಾರೆ. ಲೆಕ್ಕ ಅವರ ಕಡೆಗೇ ಇದೆ. ಲಂಡನ್ನಿನಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ. ಬೆಂಗಳೂರಿನಲ್ಲಿ 900 ಮಿ.ಮೀ.ಗೂ ಜಾಸ್ತಿ. ಆಗುಂಬೆಯಲ್ಲಿ 7000 ದಾಟುತ್ತದೆ. ಆದರೆ ಊರಿನ ಮಳೆಯಲ್ಲಿ ನೆಂದರೆ ಮನೆಗೆ ಬಂದು ತಲೆ ಒರೆಸಿಕೊಂಡರೆ ಮುಗಿಯಿತು. ಇಲ್ಲಿ ಆರು-ಏಳು ಡಿಗ್ರಿ ಚಳಿಯಲ್ಲಿ, ಗಾಳಿಯ ಜೊತೆ, ದಿನವಿಡೀ ಜಿನುಗುವ ಸೋನೆ. ಒಮ್ಮೆ ಕಾಲುಚೀಲ ಒದ್ದೆಯಾದರೆ ಆ ದಿನದ ಉತ್ಸಾಹ ಮುಗಿಯಿತು. ಡಿಸೆಂಬರ್‌ನಲ್ಲಿ ಸೂರ್ಯ ಎಂಟಕ್ಕೆ ಹುಟ್ಟಿ ನಾಲ್ಕಕ್ಕೆ ಮೊದಲೇ ಮುಳುಗುತ್ತಾನೆ, ಅದು ಬೇರೆ.

ಹಾಗಾಗಿ ಯೋಜನೆ ಹಾಕುವಾಗ ‘ಏನೇನು ನೋಡೋಣ’ ಅಂತ ಶುರು ಮಾಡಬೇಡಿ. ಮ್ಯೂಸಿಯಂ ಒಳಗೆ ಯಾರೂ ನೆನೆಯುವುದಿಲ್ಲ. ನೆನೆಯುವುದು ಸ್ಟೇಷನ್ನಿನಿಂದ ಮ್ಯೂಸಿಯಂಗೆ, ಅಲ್ಲಿಂದ ಊಟಕ್ಕೆ, ಊಟದಿಂದ ಬಸ್‌ಸ್ಟಾಪಿಗೆ ನಡೆಯುವಾಗ. ಆ ನಡುವಿನ ನಡಿಗೆ ಎಷ್ಟು ಅಂತ ಮೊದಲು ನೋಡಿ. ಎರಡು ಜಾಗಗಳ ನಡುವೆ ಬಯಲಲ್ಲಿ ಹತ್ತು ನಿಮಿಷಕ್ಕಿಂತ ಜಾಸ್ತಿ ನಡೆಯಬೇಕಾದರೆ ಅವೆರಡನ್ನೂ ಒಂದೇ ದಿನ ಇಟ್ಟುಕೊಳ್ಳಬೇಡಿ.

ಹಂತ 1: ಅವರು ಹೊರಡುವ ಮೊದಲೇ ಬಟ್ಟೆಯ ಮಾತಾಡಿ

ಊರಲ್ಲಿ ದಪ್ಪ ಸ್ವೆಟರ್ ಹುಡುಕಿ ದುಡ್ಡು ಖರ್ಚು ಮಾಡುವುದು ಬೇಡ ಅಂತ ಹೇಳಿಬಿಡಿ. ಬೇಕಾದ್ದು ನೀರು ಒಳಗೆ ಬಿಡದ ಜಾಕೆಟ್, ಅದಕ್ಕೊಂದು ಟೋಪಿ ಅಂಟಿಕೊಂಡಿರಬೇಕು. ಇದನ್ನು ಇಲ್ಲೇ ಕೊಳ್ಳಿ. ಚಾರಿಟಿ ಅಂಗಡಿಗಳಲ್ಲಿ ಒಳ್ಳೆಯ ಜಾಕೆಟ್ ಕಡಿಮೆ ಬೆಲೆಗೆ ಸಿಗುತ್ತವೆ. ಅವರು ವಾಪಸ್ ಹೋಗುವಾಗ ಅದೇ ಅಂಗಡಿಗೆ ಕೊಟ್ಟರೂ ಆಯಿತು. ಒಳಗೆ ತೆಳ್ಳನೆಯ ಥರ್ಮಲ್, ಅದರ ಮೇಲೆ ಒಂದು ಸ್ವೆಟರ್, ಆಮೇಲೆ ಜಾಕೆಟ್. ಟ್ಯೂಬ್ ರೈಲಿನಲ್ಲಿ, ಅಂಗಡಿಗಳಲ್ಲಿ ಸೆಕೆಯೋ ಸೆಕೆ. ಬಿಚ್ಚಲು ಬರುವಂತಿರಬೇಕು. ಮಂಕಿ ಕ್ಯಾಪ್ ತಂದರೆ ತರಲಿ, ನಾಚಿಕೊಳ್ಳುವಂಥದ್ದು ಏನಿಲ್ಲ. ಥೇಮ್ಸ್ ದಂಡೆಯ ಗಾಳಿಗೆ ಅದಕ್ಕಿಂತ ಒಳ್ಳೆಯದು ಇಲ್ಲ.

ಸೀರೆ ಉಡುವ ಅಮ್ಮಂದಿರ ವಿಷಯಕ್ಕೆ ಬೇರೆಯೇ ಗಮನ ಬೇಕು. ಸೀರೆ ಬಿಟ್ಟು ಚೂಡಿದಾರ್ ಹಾಕಿಕೋ ಅಂತ ಪೀಡಿಸಿದರೆ ಕೆಲವರಿಗೆ ಬೇಜಾರಾಗುತ್ತದೆ. ಬೇಕಾಗಿಯೂ ಇಲ್ಲ. ಲಂಗದ ಒಳಗೆ ಉಣ್ಣೆಯ ಲೆಗಿಂಗ್ಸ್, ಕಾಲಿಗೆ ಶೂ, ಸೀರೆಯನ್ನು ಪಾದದ ಗಂಟಿಗಿಂತ ನಾಲ್ಕು ಬೆರಳು ಮೇಲೆ ಉಡುವುದು. ಇಷ್ಟಾದರೆ ಸಾಕು. ಫಾಲ್ ಇರುವ ಅಂಚು ನೆಲ ತಾಗಿದರೆ ಬತ್ತಿ ಎಣ್ಣೆ ಹೀರಿದ ಹಾಗೆ ನೀರು ಮೊಣಕಾಲಿನವರೆಗೆ ಏರುತ್ತದೆ. ಆಮೇಲೆ ಇಡೀ ದಿನ ತಣ್ಣಗೆ ಕಾಲಿಗೆ ಅಂಟಿಕೊಂಡಿರುತ್ತದೆ. ಸೆರಗನ್ನು ಜಾಕೆಟ್ ಒಳಗೆ ಸೇರಿಸಿ ಪಿನ್ ಹಾಕಿ. ಎಸ್ಕಲೇಟರ್ ಮೇಲೆ ನೇತಾಡುವ ಸೆರಗು, ಶಾಲು ಎರಡೂ ಅಪಾಯ.

ಛತ್ರಿ? ಇರಲಿ, ಆದರೆ ಅದನ್ನೇ ನಂಬಬೇಡಿ. ಊರಿನ ಉದ್ದ ಕೋಲಿನ ಛತ್ರಿ ಕೂಡ ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಮೇಲೆ ತಿರುಗಾಮುರುಗ ಆಗುತ್ತದೆ. ಜನಜಂಗುಳಿಯ ಫುಟ್‌ಪಾತ್‌ನಲ್ಲಿ ಪಕ್ಕದವರ ಕಣ್ಣಿಗೆ ಚುಚ್ಚುವ ಭಯ ಬೇರೆ.

ಔಷಧಿ ಪೂರ್ತಿ ಅವಧಿಗೆ ಬೇಕಾದಷ್ಟು ತರಲಿ, ಡಾಕ್ಟರ ಚೀಟಿಯ ಸಮೇತ. ಟ್ರಾವೆಲ್ ಇನ್ಶೂರೆನ್ಸ್ ಬೇಕೇ ಬೇಕು. ವಿಸಿಟರ್ ವೀಸಾದಲ್ಲಿ ಬಂದವರು ಆಸ್ಪತ್ರೆಗೆ ದಾಖಲಾದರೆ ಬಿಲ್ ಬರುತ್ತದೆ. ತುರ್ತು ಅಲ್ಲದ ಕೆಮ್ಮು-ಜ್ವರಕ್ಕೆ ಸಲಹೆ ಕೇಳಲು 111ಕ್ಕೆ ಫೋನ್ ಮಾಡಬಹುದು.

ಹಂತ 2: ಪಟ್ಟಿಯನ್ನು ಮೂರು ಪಾಲು ಮಾಡಿ

ನೋಡಬೇಕಾದ ಜಾಗಗಳನ್ನೆಲ್ಲ ಬರೆದು ಮೂರು ಗುಂಪು ಮಾಡಿ. ಮೊದಲನೆಯದು ಪೂರ್ತಿ ಸೂರಿನ ಅಡಿಯವು: ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ, ವೆಸ್ಟ್‌ಮಿನ್‌ಸ್ಟರ್ ಅಬ್ಬೆ, ಸೇಂಟ್ ಪಾಲ್ಸ್. ಕೊನೆಯ ಎರಡನ್ನು ಭಾನುವಾರಕ್ಕೆ ಇಟ್ಟುಕೊಳ್ಳಬೇಡಿ. ಅವತ್ತು ಅಲ್ಲಿ ಪ್ರಾರ್ಥನೆ ಇರುತ್ತದೆ, ಪ್ರವಾಸಿಗರಾಗಿ ಸುತ್ತಿ ನೋಡಲು ಆಗುವುದಿಲ್ಲ.

ಎರಡನೆಯದು ಅರ್ಧ ಒಳಗೆ, ಅರ್ಧ ಹೊರಗೆ. ಟವರ್ ಆಫ್ ಲಂಡನ್ ಇದಕ್ಕೆ ಸರಿಯಾದ ಉದಾಹರಣೆ. ಕೊಹಿನೂರ್ ನೋಡದೆ ನಮ್ಮವರು ಹೋಗುವುದಿಲ್ಲ. ಅದಿರುವುದು ಸೂರಿನ ಕೆಳಗೇ. ಆದರೆ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗಲು ಅಂಗಳ ದಾಟಬೇಕು, ನೆಲ ಉರುಟು ಕಲ್ಲಿನದು, ಮಳೆಗೆ ಜಾರುತ್ತದೆ. ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ, ಬೇರೆ ಏನನ್ನೂ ನೋಡದೆ ನೇರ ಆಭರಣಗಳ ಕಟ್ಟಡಕ್ಕೆ ನಡೆಯಿರಿ. ತಡವಾದರೆ ಅಲ್ಲಿನ ಸಾಲು ಹೊರಗಿನ ಮಳೆಗೆ ಬರುತ್ತದೆ.

ಮೂರನೆಯದು ಆಕಾಶ ಬೇಕಾದವು: ಲಂಡನ್ ಐ ಎಂಬ ದೈತ್ಯ ಚಕ್ರ, ಶಾರ್ಡ್ ಎಂಬ ಗಗನಚುಂಬಿ ಕಟ್ಟಡ, ಇನ್ನೊಂದು ಎತ್ತರದ ಕಟ್ಟಡದ ಮೇಲಿನ ಸ್ಕೈ ಗಾರ್ಡನ್, ಗ್ರೀನ್‌ವಿಚ್ ಗುಡ್ಡ, ಬಕಿಂಗ್‌ಹ್ಯಾಮ್ ಅರಮನೆಯ ಕಾವಲುಗಾರರ ಬದಲಾವಣೆ. ಮೋಡ ಕೆಳಗಿದ್ದರೆ ಶಾರ್ಡ್ ಮೇಲಿಂದ ಕಾಣುವುದು ಬರೀ ಬೂದು ಬಣ್ಣ, ಅದಕ್ಕೆ ದುಡ್ಡು ದಂಡ. ಸ್ಕೈ ಗಾರ್ಡನ್ ಉಚಿತ, ಆದರೆ ಮುಂಗಡ ಬುಕ್ ಮಾಡಬೇಕು. ಉಚಿತ ಆದ್ದರಿಂದ ಮೋಡ ಕವಿದರೂ ಹೊಟ್ಟೆ ಉರಿಯುವುದಿಲ್ಲ. ಕಾವಲುಗಾರರ ಮೆರವಣಿಗೆ ಜೋರು ಮಳೆಗೆ ರದ್ದಾಗುತ್ತದೆ. ಈ ಗುಂಪಿನಲ್ಲಿ ಯಾವುದನ್ನೂ ಮೊದಲೇ ದುಡ್ಡು ಕೊಟ್ಟು ಬುಕ್ ಮಾಡಬೇಡಿ. ಮಾಡಲೇಬೇಕಾದರೆ ದಿನ ಬದಲಿಸಲು ಬಿಡುವ ಟಿಕೆಟ್ಟನ್ನೇ ತೆಗೆದುಕೊಳ್ಳಿ.

ಈಗ ನಿಯಮ ಸುಲಭ. ದಿನಕ್ಕೆ ಒಂದು ದೊಡ್ಡ ಸೂರು. ಮಳೆ ಬಿಡುವು ಕೊಟ್ಟರೆ ಒಂದು ಗಂಟೆ ಆಕಾಶ. ಅಷ್ಟೇ.

ಹಂತ 3: ಬೆಳಿಗ್ಗೆ ಕಾಫಿ ಜೊತೆ ತೀರ್ಮಾನ

ಚಳಿಗಾಲದಲ್ಲಿ ಭಾರತದ ಸಮಯ ಇಲ್ಲಿಗಿಂತ ಐದೂವರೆ ಗಂಟೆ ಮುಂದೆ. ಬಂದ ಮೊದಲ ವಾರ ಅವರು ನಸುಕಿಗೆ ಮೂರು-ನಾಲ್ಕಕ್ಕೇ ಎದ್ದು ಕೂತಿರುತ್ತಾರೆ. ಹೊರಗೆ ಇನ್ನೂ ಕಗ್ಗತ್ತಲು. ಒಲೆ ಹಚ್ಚುವುದು, ಹೀಟಿಂಗ್ ಹಾಕುವುದು, ಬಿಸಿನೀರು ಬಿಡುವುದು ಮೊದಲ ದಿನವೇ ತೋರಿಸಿಕೊಟ್ಟುಬಿಡಿ. ಇಲ್ಲದಿದ್ದರೆ ‘ಮಗನ ನಿದ್ದೆ ಯಾಕೆ ಕೆಡಿಸೋದು’ ಅಂತ ಚಳಿಯಲ್ಲೇ ಶಾಲು ಹೊದ್ದು ಕೂತಿರುತ್ತಾರೆ.

ಹವಾಮಾನಕ್ಕೆ ಇಲ್ಲಿನ ಹವಾಮಾನ ಇಲಾಖೆಯಾದ ಮೆಟ್ ಆಫೀಸ್ ಆ್ಯಪ್ ನೋಡಿ. ಮಳೆಯ ಚಿತ್ರ ನೋಡಿ ಸುಮ್ನಾಗಬೇಡಿ. ನೋಡಬೇಕಾದ್ದು ಇನ್ನೆರಡು ಇವೆ. ಒಂದು, ಗಾಳಿಯ ವೇಗ, ಅದರಲ್ಲೂ ಒಮ್ಮೆಲೇ ಬೀಸುವ ಗಾಳಿಯ ಅಂಕಿ. ಅದು ಗಂಟೆಗೆ 40 ಮೈಲಿ ಹತ್ತಿರ ಇದ್ದರೆ ಛತ್ರಿ ಮನೆಯಲ್ಲೇ ಬಿಡಿ, ನದಿ ದಂಡೆಗೆ ಹೋಗಬೇಡಿ. ಗಾಳಿ ಜಾಸ್ತಿಯಾದರೆ ಹೈಡ್ ಪಾರ್ಕ್‌ನಂಥ ರಾಯಲ್ ಪಾರ್ಕ್‌ಗಳನ್ನೇ ಮುಚ್ಚುತ್ತಾರೆ. ಎರಡು, ಮಳೆಯ ನಕ್ಷೆ. ಇಲ್ಲಿನ ಮಳೆ ಬಹುಪಾಲು ಅಟ್ಲಾಂಟಿಕ್ ಕಡೆಯಿಂದ, ಪಶ್ಚಿಮದಿಂದ ಪಟ್ಟಿಯಾಗಿ ಬರುತ್ತದೆ. ಪಟ್ಟಿಯ ಹಿಂಬದಿ ಅಂಚು ಎಷ್ಟು ಹೊತ್ತಿಗೆ ಲಂಡನ್ ದಾಟುತ್ತದೆ ಅಂತ ನಕ್ಷೆಯಲ್ಲಿ ಕಾಣುತ್ತದೆ. ಅದು ದಾಟಿದ ಮೇಲೆ ಎಷ್ಟೋ ಸಲ ತೊಳೆದಿಟ್ಟ ಹಾಗೆ ಆಕಾಶ ತಿಳಿಯಾಗುತ್ತದೆ. ನಿಮ್ಮ ಒಂದು ಗಂಟೆ ಆಕಾಶ ಅಲ್ಲಿ ಸಿಗುತ್ತದೆ.

ಹಂತ 4: ಮೊದಲ ಮಳೆ ದಿನ ಸೌತ್ ಕೆನ್ಸಿಂಗ್ಟನ್‌ಗೆ

ಮಳೆಗೆಂದೇ ಕಟ್ಟಿದ ಜಾಗ ಲಂಡನ್ನಿನಲ್ಲಿ ಯಾವುದು ಅಂತ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಸೌತ್ ಕೆನ್ಸಿಂಗ್ಟನ್ ಟ್ಯೂಬ್ ಸ್ಟೇಷನ್ನಿನಿಂದ ಮೂರು ದೊಡ್ಡ ಮ್ಯೂಸಿಯಂಗಳ (ವಿಕ್ಟೋರಿಯಾ ಅಂಡ್ ಆಲ್ಬರ್ಟ್, ನ್ಯಾಚುರಲ್ ಹಿಸ್ಟರಿ, ಸೈನ್ಸ್) ಕಡೆಗೆ ನೆಲದಡಿಯ ಸುರಂಗ ದಾರಿ ಇದೆ. 1885ರಲ್ಲಿ ತೆರೆದದ್ದು. ಗೋಡೆಗೆ ತಿಳಿ ಬಣ್ಣದ ಹೆಂಚು, ಮೇಲೆ ಅಲ್ಲಲ್ಲಿ ಬೆಳಕಿನ ಕಿಂಡಿ, ಒಬ್ಬಿಬ್ಬರು ವಾದ್ಯ ನುಡಿಸುತ್ತಾ ನಿಂತಿರುತ್ತಾರೆ. ಮೇಲೆ ಎಷ್ಟೇ ಸುರಿಯಲಿ, ನೀವು ಒಣಗಿದ ಬಟ್ಟೆಯಲ್ಲೇ ಬಾಗಿಲು ಸೇರುತ್ತೀರಿ. ಒಂದೇ ತೊಂದರೆ ಮೆಟ್ಟಿಲು. ಮಂಡಿನೋವಿನವರಿದ್ದರೆ ಟ್ಯೂಬ್ ಬಿಟ್ಟು ಬಸ್ಸಿನಲ್ಲಿ ಬನ್ನಿ. ಕ್ರಾಮ್‌ವೆಲ್ ರಸ್ತೆಯಲ್ಲಿ ಮ್ಯೂಸಿಯಂ ಎದುರೇ ಇಳಿಯಬಹುದು.

ಮೂರೂ ಮ್ಯೂಸಿಯಂಗೆ ಪ್ರವೇಶ ಉಚಿತ. ಹಾಗಂತ ಮೂರನ್ನೂ ನೋಡಿಸಲು ಹೋಗಬೇಡಿ. ನಮ್ಮೂರಿನವರಿಗೆ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮೊದಲು. ಕಾರಣ ಟಿಪ್ಪುವಿನ ಹುಲಿ. ಮರದಲ್ಲಿ ಮಾಡಿ ಬಣ್ಣ ಬಳಿದ ಹುಲಿ, ಅದರ ಕೆಳಗೆ ಮಲಗಿರುವ ಐರೋಪ್ಯ ಸೈನಿಕ. ಪಕ್ಕದ ಹಿಡಿಕೆ ತಿರುಗಿಸಿದರೆ ಅವನ ಕೈ ಎದ್ದು ಬೀಳುತ್ತಿತ್ತು, ಗಂಟಲಿಂದ ನರಳುವ ಸದ್ದು ಬರುತ್ತಿತ್ತು. ಹುಲಿಯ ಪಕ್ಕೆಯಲ್ಲಿ ಬಾಗಿಲಿನ ಹಾಗೆ ತೆರೆದುಕೊಳ್ಳುವ ಭಾಗ ಇದೆ, ಒಳಗೆ ಪುಟ್ಟ ಆರ್ಗನ್ ವಾದ್ಯದ ಒತ್ತುಗುಂಡಿಗಳು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಹೊತ್ತು ತಂದದ್ದು. ಶ್ರೀರಂಗಪಟ್ಟಣದ ಕೋಟೆ, ದರಿಯಾ ದೌಲತ್ ನೋಡಿ ಬೆಳೆದವರು ಇದರ ಮುಂದೆ ಬೇಗ ಕದಲುವುದಿಲ್ಲ. ಟಿಪ್ಪುವಿನ ಬಗ್ಗೆ ಮನೆಯಲ್ಲಿ ಎರಡು ಅಭಿಪ್ರಾಯ ಇದ್ದರೆ ಅಲ್ಲೇ ಚರ್ಚೆಯೂ ಶುರುವಾಗುತ್ತದೆ, ಸಮಯ ಇಟ್ಟುಕೊಳ್ಳಿ. ಇಂಥ ಒಂದೇ ವಸ್ತುವಿಗಾಗಿ ಹೋಗುವಾಗ ಹಿಂದಿನ ದಿನ ಮ್ಯೂಸಿಯಂ ವೆಬ್‌ಸೈಟ್‌ನಲ್ಲಿ ಅದು ಪ್ರದರ್ಶನದಲ್ಲಿದೆಯಾ ಅಂತ ನೋಡಿಕೊಳ್ಳಿ. ಗ್ಯಾಲರಿ ದುರಸ್ತಿ ಇಲ್ಲಿ ಆಗಾಗ ನಡೆಯುತ್ತಿರುತ್ತದೆ.

ಮೊಮ್ಮಕ್ಕಳು ಜೊತೆಗಿದ್ದರೆ ಎದುರಿಗಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ. ಒಳಗೆ ಕಾಲಿಟ್ಟ ಕೂಡಲೇ ತಲೆ ಮೇಲೆ 25 ಮೀಟರ್ ಉದ್ದದ ನೀಲಿ ತಿಮಿಂಗಿಲದ ಅಸ್ಥಿಪಂಜರ. ಶಾಲೆಗಳ ರಜೆಯಲ್ಲಿ ಮಳೆ ಬಂತೆಂದರೆ ಇಡೀ ಲಂಡನ್ ಇಲ್ಲಿಗೇ ಬರುತ್ತದೆ. ಉಚಿತ ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ತೆಗೆದಿಟ್ಟರೆ ಹೊರಗೆ ನೆನೆಯುತ್ತಾ ನಿಲ್ಲುವುದು ತಪ್ಪುತ್ತದೆ.

ಎರಡು ಗಂಟೆಗೊಮ್ಮೆ ಕೂರಿಸಿ. ‘ನಂಗೇನೂ ಸುಸ್ತಿಲ್ಲ’ ಅನ್ನುವವರನ್ನು ನಂಬಬೇಡಿ. ನಿಮಗೆ ತೊಂದರೆ ಆಗಬಾರದು ಅಂತ ಹೇಳುವ ಮಾತು ಅದು.

ಹಂತ 5: ಎರಡನೇ ಮಳೆ ದಿನ ಯೂಸ್ಟನ್ ರಸ್ತೆ ಕಡೆ

ಎಲಿಜಬೆತ್ ಲೈನ್ ಎಂಬ ರೈಲು ಮಾರ್ಗದ ಹತ್ತಿರದ ಮನೆಯವರಿಗೆ ಇದು ಸುಲಭ. ಆ ಲೈನಿನ ಎಲ್ಲ ಸ್ಟೇಷನ್‌ಗಳಲ್ಲೂ ಲಿಫ್ಟ್ ಅಥವಾ ಇಳಿಜಾರು ಇದೆ. ಎಸ್ಕಲೇಟರ್ ಅಂದರೆ ಗಾಬರಿಯಾಗುವ ಹಿರಿಯರಿಗೆ ಇದು ದೊಡ್ಡ ಸಮಾಧಾನ. ಹೀಥ್ರೋದಿಂದ ಮನೆಗೆ ಬರುವಾಗಲೂ ಇದೇ ನೋಡಿ. ಟಾಟನ್‌ಹ್ಯಾಮ್ ಕೋರ್ಟ್ ರೋಡ್‌ನಲ್ಲಿ ಇಳಿದರೆ ಬ್ರಿಟಿಷ್ ಮ್ಯೂಸಿಯಂ ಹತ್ತಿರ. ಅದರ ನಡು ಅಂಗಳಕ್ಕೆ 2000ದಲ್ಲಿ ಗಾಜಿನ ಚಾವಣಿ ಹಾಕಿದ್ದಾರೆ. ಮಳೆ ಬೀಳುವುದನ್ನು ನೋಡುತ್ತಾ ಒಳಗೆ ಬೆಚ್ಚಗೆ ಕೂರಬಹುದು. ರೊಸೆಟ್ಟಾ ಕಲ್ಲು, ಈಜಿಪ್ಟಿನ ಮಮ್ಮಿಗಳು, ಅಮರಾವತಿ ಸ್ತೂಪದ ಸುಣ್ಣಕಲ್ಲಿನ ಶಿಲ್ಪಗಳು. ಈ ಮೂರು ನೋಡಿದರೆ ಒಂದು ಮಧ್ಯಾಹ್ನಕ್ಕೆ ಸಾಕು.

ಊಟಕ್ಕೆ ಯೂಸ್ಟನ್ ಸ್ಟೇಷನ್ ಪಕ್ಕದ ಡ್ರಮಂಡ್ ಸ್ಟ್ರೀಟ್. ಸಸ್ಯಾಹಾರಿ ಹೋಟೆಲ್‌ಗಳು ಸಾಲಾಗಿವೆ, ದೋಸೆಯೂ ಸಿಗುತ್ತದೆ. ಮ್ಯೂಸಿಯಂನಿಂದ ನಡೆದರೆ ದೂರ, ಬಸ್ ಹಿಡಿಯಿರಿ. ಶಕ್ತಿ ಉಳಿದಿದ್ದರೆ ಅಲ್ಲೇ ಹತ್ತಿರದ ಬ್ರಿಟಿಷ್ ಲೈಬ್ರರಿಯಲ್ಲಿ ಮ್ಯಾಗ್ನಾ ಕಾರ್ಟಾ ಇದೆ, ಅದೂ ಉಚಿತ.

ಹಂತ 6: ಬಸ್ಸಿನ ಮಹಡಿಯಿಂದ ಊರು ತೋರಿಸಿ

ಮಳೆ ದಿನದ ಅತಿ ಅಗ್ಗದ ಪ್ರವಾಸ ಕೆಂಪು ಬಸ್ಸು. ಪ್ರವಾಸಿ ಬಸ್ಸುಗಳ ಮೇಲ್ಮಹಡಿ ಹಲವು ಕಡೆ ತೆರೆದಿರುತ್ತದೆ, ಈ ಹವೆಗೆ ಅದು ಆಗಿಬರುವುದಿಲ್ಲ. ಮಾಮೂಲಿ 9ನೇ ನಂಬರ್ ಬಸ್ಸು ರಾಯಲ್ ಆಲ್ಬರ್ಟ್ ಹಾಲ್ ಎದುರು ಸಿಗುತ್ತದೆ. ಹೈಡ್ ಪಾರ್ಕ್ ಕಾರ್ನರ್, ಗ್ರೀನ್ ಪಾರ್ಕ್ ದಾಟಿ ಟ್ರಫಾಲ್ಗರ್ ಸ್ಕ್ವೇರ್‌ಗೆ ಬರುತ್ತದೆ. ಅಲ್ಲಿ 15 ಹಿಡಿದರೆ ಫ್ಲೀಟ್ ಸ್ಟ್ರೀಟ್, ಸೇಂಟ್ ಪಾಲ್ಸ್, ಟವರ್ ಆಫ್ ಲಂಡನ್. 2025ರಲ್ಲಿ ಟಿಕೆಟ್ 1.75 ಪೌಂಡ್. ಮೊದಲ ಬಸ್ಸಿಗೆ ಕಾರ್ಡ್ ತೋರಿಸಿದ ಒಂದು ಗಂಟೆಯೊಳಗೆ ಬೇರೆ ಬಸ್ ಹತ್ತಿದರೆ ಮತ್ತೆ ದುಡ್ಡಿಲ್ಲ. ಪ್ರತಿಯೊಬ್ಬರಿಗೂ ಬೇರೆ ಬೇರೆ ಕಾರ್ಡ್ ಬೇಕು, ಒಂದನ್ನೇ ಇಬ್ಬರಿಗೆ ಬಳಸಲು ಬರುವುದಿಲ್ಲ. ಒಬ್ಬೊಬ್ಬರ ಜಾಕೆಟ್ ಜೇಬಿಗೆ ಒಂದೊಂದು ಆಯ್ಸ್ಟರ್ ಪ್ರಯಾಣ ಕಾರ್ಡ್ ಹಾಕಿಟ್ಟುಬಿಡಿ.

ಮೇಲ್ಮಹಡಿಯ ಮುಂದಿನ ಸೀಟೇ ಬೇಕು. ಅದಕ್ಕೆ ಸಾಧ್ಯವಾದರೆ ಬಸ್ ಹೊರಡುವ ಮೊದಲ ಸ್ಟಾಪಿನಲ್ಲಿ ಹತ್ತಿ. ಬಸ್ ಚಲಿಸುವಾಗ ಮೆಟ್ಟಿಲು ಹತ್ತಿಸಬೇಡಿ. ಡ್ರೈವರ್ ಎಲ್ಲರೂ ಕೂರಲಿ ಅಂತ ಕಾಯುವುದಿಲ್ಲ, ಒದ್ದೆ ಶೂ ಜಾರುತ್ತದೆ. ಇಳಿಯುವಾಗಲೂ ಬಸ್ ಪೂರ್ತಿ ನಿಂತ ಮೇಲೆಯೇ ಏಳಲಿ, ಒಂದು ಸ್ಟಾಪ್ ಮುಂದೆ ಹೋದರೂ ಪರವಾಗಿಲ್ಲ. ಒಳಗಿನ ಉಸಿರಿಗೆ ಗಾಜೆಲ್ಲ ಮಬ್ಬಾಗುತ್ತದೆ, ಒರೆಸಲು ಒಂದು ಹಳೇ ಕರ್ಚೀಫ್ ಇರಲಿ. ಸಂಜೆ ನಾಲ್ಕೂವರೆಗೆ, ದೀಪ ಹತ್ತಿದ ಮೇಲೆ ಹೋದರೆ ಕತ್ತಲೆಯೇ ಅನುಕೂಲ. ಒದ್ದೆ ರಸ್ತೆಯಲ್ಲಿ ಕ್ರಿಸ್ಮಸ್ ದೀಪಗಳು ಎರಡೆರಡಾಗಿ ಕಾಣುತ್ತವೆ.

ಹಂತ 7: ಮಳೆ ಬಿಟ್ಟ ಗಂಟೆಯಲ್ಲಿ ಬಸವಣ್ಣ

ಕನ್ನಡದವರು ಬಂದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನ ಬಸವೇಶ್ವರರ ಪ್ರತಿಮೆ ನೋಡದೆ ಹೋಗುವುದುಂಟೇ? 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದ್ದು. ಥೇಮ್ಸ್ ದಂಡೆ, ಲ್ಯಾಂಬೆತ್ ಸೇತುವೆ ಹತ್ತಿರ, ನದಿಯ ಆಚೆ ಪಾರ್ಲಿಮೆಂಟ್. ಜಾಗ ಪೂರ್ತಿ ಬಯಲು, ಗಾಳಿ ಮುಖಕ್ಕೇ ಹೊಡೆಯುತ್ತದೆ. ಅದಕ್ಕೇ ನಕ್ಷೆಯಲ್ಲಿ ಮಳೆ ಪಟ್ಟಿ ದಾಟುವ ಹೊತ್ತಿಗೆ ಇದನ್ನು ಇಟ್ಟುಕೊಳ್ಳಿ. ಫೋಟೋಗೆ ಜಾಕೆಟ್ ತೆಗೆಯುತ್ತೇನೆ ಅಂತ ಅಮ್ಮ ಹಟ ಹಿಡಿಯುತ್ತಾರೆ, ಒಂದೇ ನಿಮಿಷದಲ್ಲಿ ಮುಗಿಸಿ. ಮತ್ತೆ ಹನಿ ಶುರುವಾದರೆ ಲ್ಯಾಂಬೆತ್ ಸೇತುವೆಯ ತುದಿಯಲ್ಲಿ ಹಳೇ ಚರ್ಚ್ ಕಟ್ಟಡದೊಳಗೆ ಗಾರ್ಡನ್ ಮ್ಯೂಸಿಯಂ ಇದೆ, ಅಲ್ಲಿ ಕಾಫಿ ಸಿಗುತ್ತದೆ.

ಬುತ್ತಿ, ಶೌಚಾಲಯ, ಒದ್ದೆ ಶೂ

ಹೊರಗಿನ ತಣ್ಣನೆ ಸ್ಯಾಂಡ್‌ವಿಚ್ ಹಿರಿಯರಿಗೆ ಹಿಡಿಸುವುದಿಲ್ಲ. ಚಿತ್ರಾನ್ನ ಅಥವಾ ಚಪಾತಿ-ಪಲ್ಯ ಕಟ್ಟಿಕೊಂಡು, ಫ್ಲಾಸ್ಕ್‌ನಲ್ಲಿ ಬಿಸಿನೀರು ಹಾಕಿಕೊಂಡು ಹೊರಡಿ. ಸೈನ್ಸ್ ಮ್ಯೂಸಿಯಂ, ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಎರಡರಲ್ಲೂ ತಂದ ಬುತ್ತಿ ತಿನ್ನಲು ಒಳಗೇ ಜಾಗ ಇದೆ.

ಚಳಿಗೆ ಮೂತ್ರ ಜಾಸ್ತಿ. ಮಕ್ಕಳ ಹತ್ತಿರ ಹೇಳಲು ಸಂಕೋಚ. ಹಾಗಾಗಿ ಹೊರಗೆ ನೀರೇ ಕುಡಿಯದೆ ಇರುವವರಿದ್ದಾರೆ. ಅವರು ಕೇಳುವವರೆಗೆ ಕಾಯಬೇಡಿ, ಪ್ರತಿ ಕಟ್ಟಡದಿಂದ ಹೊರಡುವ ಮೊದಲು ನೀವೇ ಕರೆದುಕೊಂಡು ಹೋಗಿ. ಟ್ಯೂಬ್ ಸ್ಟೇಷನ್‌ಗಳಲ್ಲಿ ಬಹಳ ಕಡೆ ಶೌಚಾಲಯ ಇಲ್ಲ. ಯೂಸ್ಟನ್, ವಾಟರ್ಲೂ, ಪ್ಯಾಡಿಂಗ್ಟನ್‌ನಂಥ ದೊಡ್ಡ ರೈಲ್ವೆ ನಿಲ್ದಾಣಗಳಲ್ಲಿ ಇದೆ, 2019ರಿಂದ ಉಚಿತ.

ಮನೆಗೆ ಬಂದ ಮೇಲೆ ಒದ್ದೆ ಶೂಗಳನ್ನು ರೇಡಿಯೇಟರ್ ಮೇಲೆ ಇಡಬೇಡಿ, ಚರ್ಮ ಬಿರುಕು ಬಿಡುತ್ತದೆ. ಬೆಳಿಗ್ಗೆ ಸ್ಟೇಷನ್ನಿನಲ್ಲಿ ಉಚಿತವಾಗಿ ಸಿಗುವ ಮೆಟ್ರೋ ಪತ್ರಿಕೆ ಎರಡು ಪ್ರತಿ ತಂದಿಟ್ಟುಕೊಳ್ಳಿ. ಹಾಳೆಗಳನ್ನು ಮುದ್ದೆ ಮಾಡಿ ಶೂ ಒಳಗೆ ತುರುಕಿ. ಮಲಗುವ ಮೊದಲು ಒಮ್ಮೆ ಹಾಳೆ ಬದಲಿಸಿದರೆ ಬೆಳಿಗ್ಗೆಗೆ ಒಣಗಿರುತ್ತವೆ.

ಮನೆಯಲ್ಲೇ ಇರಬೇಕಾದ ದಿನಗಳು

ಮೆಟ್ ಆಫೀಸ್ ಅಂಬರ್ (ಕಿತ್ತಳೆ) ಅಥವಾ ಕೆಂಪು ಎಚ್ಚರಿಕೆ ಕೊಟ್ಟರೆ ಹೊರಡಬೇಡಿ. ಮರ ಬಿದ್ದು ರೈಲು ನಿಂತರೆ ಹಿರಿಯರನ್ನು ಕಟ್ಟಿಕೊಂಡು ಪ್ಲಾಟ್‌ಫಾರ್ಮ್‌ನಲ್ಲಿ ಕಾಯುವುದು ಕಷ್ಟ. ಗಾಳಿ ಇಳಿದ ಮೇಲೆ ಹತ್ತಿರದ ದೊಡ್ಡ ಸೂಪರ್‌ಮಾರ್ಕೆಟ್‌ಗೆ ಕರೆದುಕೊಂಡು ಹೋಗಿ. ತಮಾಷೆ ಮಾಡುತ್ತಿಲ್ಲ. ಅಬ್ಬೆಯಲ್ಲಿ ರಾಜರ ಸಮಾಧಿ ನೋಡಿ ಸುಮ್ಮನಿದ್ದ ಎಷ್ಟೋ ಅಪ್ಪಂದಿರು ಇಲ್ಲಿ ಒಂದು ತೆಂಗಿನಕಾಯಿಯ ಬೆಲೆಯನ್ನು ರೂಪಾಯಿಗೆ ಬದಲಿಸಿ ನೋಡಿ ಅರ್ಧ ದಿನ ಅದೇ ಮಾತಾಡುತ್ತಾರೆ.

ಕ್ರಿಸ್ಮಸ್ ದಿನ, ಡಿಸೆಂಬರ್ 25ರಂದು, ಲಂಡನ್ನಿನಲ್ಲಿ ಬಸ್ಸು, ಟ್ಯೂಬ್, ರೈಲು ಯಾವುದೂ ಓಡುವುದಿಲ್ಲ. ಹೆಚ್ಚಿನ ಮ್ಯೂಸಿಯಂಗಳು 24ರಿಂದ 26ರವರೆಗೆ ಬಾಗಿಲು ಹಾಕಿರುತ್ತವೆ. ಹಾಲು, ಮೊಸರು, ತರಕಾರಿ 23ಕ್ಕೇ ತಂದಿಡಿ. ಆ ಮೂರು ದಿನಕ್ಕೆ ಊರಿನ ಅಡುಗೆ, ಹತ್ತಿರದ ಕನ್ನಡದ ಮನೆಗಳ ಭೇಟಿ ಇಟ್ಟುಕೊಳ್ಳಿ.

ವಾಪಸ್ ಹೊರಡುವಾಗ

ಕೊನೆಯ ಎರಡು ದಿನ ಖಾಲಿ ಬಿಡಿ. ಒಂದು ದಿನ ಬಟ್ಟೆ ಒಣಗಲು. ಇಲ್ಲಿನ ಚಳಿಗಾಲದಲ್ಲಿ ಒಗೆದದ್ದು ಒಂದೇ ದಿನದಲ್ಲಿ ಒಣಗುವುದಿಲ್ಲ, ಹಸಿ ಬಟ್ಟೆ ಸೂಟ್‌ಕೇಸಿನಲ್ಲಿಟ್ಟರೆ ಊರು ಸೇರುವಷ್ಟರಲ್ಲಿ ಮುಗ್ಗಲು ವಾಸನೆ. ಇನ್ನೊಂದು ದಿನ, ಮಳೆಗೆ ತಪ್ಪಿಹೋದ ಜಾಗವನ್ನು ತೋರಿಸಲು.

ಹವಾಮಾನದಿಂದ ವಿಮಾನ ತಡವಾದರೆ ಪರಿಹಾರದ ದುಡ್ಡು ಸಿಗುವುದಿಲ್ಲ. ಆದರೆ ಬ್ರಿಟನ್ನಿನಿಂದ ಹೊರಡುವ ಯಾವುದೇ ಕಂಪನಿಯ ವಿಮಾನವಾಗಲಿ, ಭಾರತದಷ್ಟು ದೂರದ ಪ್ರಯಾಣ ನಾಲ್ಕು ಗಂಟೆಗಿಂತ ಜಾಸ್ತಿ ತಡವಾದರೆ ಊಟ-ತಿಂಡಿ, ರಾತ್ರಿ ಉಳಿಯಬೇಕಾದರೆ ಹೋಟೆಲ್, ಇವನ್ನು ಕಂಪನಿಯೇ ಕೊಡಬೇಕು. ಇದು ಇಲ್ಲಿನ ಕಾನೂನು. ಅಪ್ಪ-ಅಮ್ಮ ಇಬ್ಬರೇ ಹೊರಟಿದ್ದರೆ ಇದನ್ನು ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಒಂದು ಚೀಟಿಯಲ್ಲಿ ಬರೆದು, ನಿಮ್ಮ ಫೋನ್ ನಂಬರ್ ಸೇರಿಸಿ, ಪಾಸ್‌ಪೋರ್ಟ್ ಜೊತೆ ಇಟ್ಟು ಕಳಿಸಿ. ಅವರು ಸೆಕ್ಯೂರಿಟಿ ದಾಟಿದ ಮೇಲೂ ವಿಮಾನ ಏರುವವರೆಗೆ ನೀವು ಫೋನ್ ಚಾರ್ಜ್ ಮಾಡಿಕೊಂಡಿರಿ.